ಬ್ರಷ್ ಚಿಕ್ಕಲಿಂಗಯ್ಯ

ಟೈಪ್‌ರೈಟರಿನ ಕಸ ತೆಗೆಯುವುದೇ ಕಸುಬಾಗಿದ್ದ ಚಿಕ್ಕಲಿಂಗಯ್ಯನನ್ನು ಕೊಳ್ಳೇಗಾಲ, ಹನೂರು, ಯಳಂದೂರಿನ ಕಚೇರಿಗಳಲ್ಲಿ ಬ್ರಷ್ ಚಿಕ್ಕಲಿಂಗಯ್ಯ ಎಂದೇ ಕರೆಯುತ್ತಿದ್ದರು. ಮೂರು ತಿಂಗಳಿಗೊಮ್ಮೆ ಸೈಕಲ್ ಪಂಪು, ಸೀಮೆಎಣ್ಣೆ ಶೀಸೆ, ಸವೆದ ಹಲ್ಲುಜ್ಜುವ ಬ್ರಷ್ಷು, ಒಂದು ಕೋಳಿಪುಕ್ಕ ಹಿಡಿದು ಬಂದು, ಮಿಶನ್ನನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿ, ಹಾಲು ಕುಡಿದ ಮಗುವಿಗೆ ತೇಗು ಬರಿಸುವಂತೆ ಬೆನ್ನು ತಟ್ಟುತ್ತಿದ್ದ. ಉದುರಿದ್ದನ್ನು ನೋಡಿ ಜಾತಕ ಹೇಳುತ್ತಿದ್ದ. ಯಳಂದೂರಿನ ಹೆಡ್ ಕ್ಲರ್ಕಿಗೆ, "ನಶ್ಯ ನಿಮಗಿಂತ ಇದೇ ಜಾಸ್ತಿ ಏರ್ಸ್ತದೆ ಸಾ, ಇನ್ನೊಂದ್ ತಿಂಗ್ಳು ಬುಟ್ರೆ ಸೀನ್ತದೆ" ಅಂದಿದ್ದ. ಹನೂರಿನಲ್ಲಿ ಕಡಲೆಕಾಯಿ ಸಿಪ್ಪೆ ಉದುರಿದಾಗ, ಸೋಮವಾರ ಉಪವಾಸವೆಂದು ಸಾರಿಕೊಂಡಿದ್ದ ಗುಮಾಸ್ತರು ತಾವಾಗಿಯೇ ಎದ್ದು ಹೊರಗೆ ಹೋದರಂತೆ. ಕೊಳ್ಳೇಗಾಲದ ಟೈಪಿಸ್ಟ್ ಅನಸೂಯಮ್ಮನ ಮಿಶನ್ನಿನಲ್ಲಿ ಮಾತ್ರ ರೇಷ್ಮೆ ಎಳೆಗಳು. ಆಕೆ ಬೆಳಗ್ಗೆ ಮನೆಯ ಮಗ್ಗದಲ್ಲಿ ನೇಯ್ದು, ಹಾಗೇ ಕಚೇರಿಗೆ ಓಡಿ ಬರುತ್ತಿದ್ದರು. "ಸೀರೆ ಕೊಡವ್ಕಂಡ್ ಬರ್ಬಾರ್ದಾ ತಾಯಿ? ಈ ಮಿಶನ್ನು ಟೈಪ್ ಮಾಡ್ತದಾ, ನೇಯ್ತದಾ?" ಎಂದು ಪ್ರತಿಸಲವೂ ರೇಗುತ್ತಿದ್ದ. ಅರವತ್ತೆಂಟರ ದೀಪಾವಳಿ ಕಳೆದ ಮೇಲೆ ಬಂದಾಗ, ಎಷ್ಟು ತಟ್ಟಿದರೂ ಪೇಪರಿನ ಮೇಲೆ ಚಿಟಿಕೆ ಧೂಳು ಬಿತ್ತೇ ಹೊರತು ಒಂದು ಎಳೆಯೂ ಬೀಳಲಿಲ್ಲ. ಅವನು ತಲೆಯೆತ್ತಿ ನೋಡಿದ. "ಮಗ್ಗ ಮಾರ್‌ಬುಟ್ವಿ ಕಣಣ್ಣ" ಅಂದರು ಅನಸೂಯಮ್ಮ. ಅವನು ಮಿಶನ್ನನ್ನು ನೆಟ್ಟಗೆ ತಿರುಗಿಸಿಟ್ಟ. ತೆಗೆಯಲು ಏನೂ ಇಲ್ಲದ ಗುಂಡಿಗಳ ಸಂದಿಯಲ್ಲಿ ಎಂದಿನಂತೆ ಅರ್ಧ ಗಂಟೆ ಕೋಳಿಪುಕ್ಕ ಆಡಿಸುತ್ತಲೇ ಇದ್ದ.