ಬಾಂದುಕಲ್ಲಿನ ಅಡಿಯ ಇದ್ದಿಲು

ಇದು ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಬೀದರಿನ ನಮ್ಮ ಓಣಿಯ ಇಸ್ತ್ರಿಯವನು ಬೆಳಿಗ್ಗೆ ಪೆಟ್ಟಿಗೆಗೆ ಇದ್ದಿಲು ತುಂಬಿ ಊದುವಾಗ ಆ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಬಂದಾಗಲೆಲ್ಲ ನಮ್ಮ ಊರು ಮೆಹಕರದ ಹೊಲ ನೆನಪಾಗುತ್ತದೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಒಮ್ಮೆ ಆಯಿ ಹಸಿರು ಸೀರೆ ಉಟ್ಟಿರುತ್ತಾಳೆ, ಇನ್ನೊಮ್ಮೆ ಕೆಂಪು. ಇಂಥ ಸಾಕ್ಷಿಯನ್ನು ನೀವು ನಂಬುತ್ತೀರಾ? ನಾನಂತೂ ನಂಬುವುದಿಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವಳೂ ಅವಳ ಗಂಡ, ನಮ್ಮ ಮುತ್ಯಾನೂ, ಔರಾದ ಕಡೆಯಿಂದ ಒಂದೇ ಬಂಡಿಯಲ್ಲಿ ಬಂದು, ಜಾಲಿಮುಳ್ಳು ತುಂಬಿದ ಬೀಳು ನೆಲ ಹಿಡಿದವರು. ಅವರ ಬೆನ್ನಿಗೇ ಇನ್ನೊಂದು ಮನೆತನ ಬಂದು ಪಕ್ಕದ ನೆಲ ಹಿಡಿಯಿತು. ಮೂರು ಬೇಸಿಗೆ ಜಾಲಿ ಕಡಿದು ಸುಟ್ಟರಂತೆ, ಕಲ್ಲು ಆರಿಸಿದರಂತೆ. ನನ್ನ ಬಾಲ್ಯದ ತುಂಬ ಈ 'ಅಂತೆ'ಗಳೇ. ಆಯಿಯ ಅಂಗೈ ಮಾತ್ರ ಅಂತೆಯಲ್ಲ. ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು.

ಎರಡು ಹೊಲಗಳ ನಡುವೆ ಮುತ್ಯಾ ಬಾಂದುಕಲ್ಲು ನೆಟ್ಟನಂತೆ. ಅದರ ಅಡಿಗೆ, ಒಡೆದ ಗಡಿಗೆಯ ಕಂಠದೊಳಗೆ, ಸುಟ್ಟ ಜಾಲಿಯ ಇದ್ದಿಲು ತುಂಬಿಟ್ಟನಂತೆ. ಕಲ್ಲನ್ನು ಯಾರಾದರೂ ಕಿತ್ತಾರು, ಇದ್ದಿಲು ಕೊಳೆಯುವುದಿಲ್ಲ. ಆಯಿ ಇದನ್ನು ನೂರು ಸಲ ಹೇಳಿದ್ದಳು. ನೂರು ಸಲ ಹೇಳಿದ್ದು ಕಥೆಯಾಗಿಬಿಡುತ್ತದೆ ಎಂಬುದನ್ನು ನಾನು ಹೈದರಾಬಾದಿನಲ್ಲಿ ಬಿ.ಎ. ಓದುವಾಗ ಕಲಿತಿದ್ದೆ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮುತ್ಯಾ ತೀರಿಕೊಂಡಿದ್ದ. ಬಾಂದುಕಲ್ಲು ಯಾವ ಮಳೆಗಾಲದಲ್ಲೋ ಕಾಣೆಯಾಗಿತ್ತು. ಹೊಲ ಅಳೆಯಲು ಅಮೀನ ಸರಪಳಿ ಹಿಡಿದು ಬಂದ. ನಾನು ರಜೆಗೆ ಊರಿಗೆ ಬಂದಿದ್ದೆ.

"ನಾವು ಮೈಸೂರಾಗ ಹೋಗಿ ಬಿದ್ದೀವಿ, ಹೊಲ ಎಲ್ಲಿ ಹೋಗಿ ಬೀಳ್ತದೋ," ಎಂದ ಪಕ್ಕದ ಹೊಲದ ಮಾಣಿಕ ಕಾಕಾ.

"ನಿನ್ನ ಹೊಲ ಎಲ್ಲೂ ಹೋಗಂಗಿಲ್ಲ ಮಾಣಿಕ್ಯಾ. ವರ್ಷಾ ಒಂದೊಂದು ಗೇಣು ನಮ್ಮ ಕಡಿ ನಡೀತದ," ಎಂದಳು ಆಯಿ.

ಅಮೀನನೂ ನಕ್ಕ. ಆಯಿ, ಕಾಕಾ ಗಡಿಯೆನ್ನುತ್ತಿದ್ದ ಬೇವಿನ ಮರದಿಂದ ಏಳು ಹೆಜ್ಜೆ ನಡೆದು, ಕಾಕಾ ಬಿತ್ತಿದ್ದ ಜೋಳದ ನಡುವೆ ನಿಂತಳು. "ಇಲ್ಲಿ ಅಗೀರಿ ಸಾಹೇಬ್ರ. ಮೊಳದಾಗ ಇದ್ದಲಿ ಸಿಗ್ತದ."

"ನಿಮ್ಮ ಒಲಿ ಇದ್ದಲಿ ಬಿದ್ದಲ್ಲೆಲ್ಲ ನಿಮ್ಮ ಹೊಲನೇನ ಕಾಕಿ?" ಎಂದ ಮಾಣಿಕ ಕಾಕಾ.

ಅಮೀನ ತೆನೆಗಟ್ಟಿದ ಬೆಳೆ ನೋಡಿದ, ಇಳಿಯುತ್ತಿದ್ದ ಬಿಸಿಲು ನೋಡಿದ, ಕೊನೆಗೆ ನನ್ನನ್ನು. "ನೀವು ಕಲ್ತವರಿದ್ದೀರಿ. ಅಗೆಸಲೇನ್ರಿ?"

ಹೂಂ ಎಂದರೆ ಸಾಕಿತ್ತು. ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ನಿಂತಿದ್ದ ನನಗೆ ನಾಚಿಕೆಯಾಯಿತು. "ಬ್ಯಾಡ್ರಿ. ವಯಸ್ಸಾಗ್ಯದ, ಆಕಿಗಿ ಹಂಗ ಅನಸ್ತದ," ಎಂದೆ.

ಸರಪಳಿ ಬೇವಿನ ಬುಡಕ್ಕೇ ಬಿತ್ತು. ಏಳು ಹೆಜ್ಜೆಯ ಪಟ್ಟಿ ಕಾಕಾನದಾಯಿತು. ಆಯಿ ಬೈಯಲಿಲ್ಲ. ಮನೆಯ ದಾರಿಯಲ್ಲಿ ಒಂದೇ ಮಾತು ಕೇಳಿದಳು: "ಖರೇನ ನನಗ ಮರ್ತಿರಬೇಕೇನೋ ತಮ್ಮಾ?" ಆಮೇಲೆ ಅವಳು ಆ ಕಥೆ ಹೇಳಲೇ ಇಲ್ಲ. ಈ ಮಾತೊಂದು ಮಾತ್ರ ನನಗೆ ಪ್ರತಿ ಸಲವೂ ಒಂದೇ ಥರ ಕೇಳಿಸುತ್ತದೆ.

ಈಗ ನಾನು ಅವಳ ಆಗಿನ ವಯಸ್ಸು ದಾಟಿದ್ದೇನೆ. ಕನ್ನಡಕವನ್ನು ಮೇಜಿನ ಮೇಲೇ ಇಟ್ಟಿದ್ದೆ ಎಂದು ಹಟ ಹಿಡಿದರೆ ಮಗಳು ಮೊಮ್ಮಗಳಿಗೆ ಮೆಲ್ಲಗೆ ಹೇಳುತ್ತಾಳೆ: "ಅಜ್ಜಗ ಹಂಗ ಅನಸ್ತದ." ಅದನ್ನು ಕೇಳಿಸಿಕೊಂಡ ವಾರವೇ ಮೆಹಕರಕ್ಕೆಂದು ಭಾಲ್ಕಿಯ ಬಸ್ಸು ಹತ್ತಿದೆ.

ಮಾಣಿಕ ಕಾಕಾನ ಮೊಮ್ಮಗ ಗುದ್ದಲಿ ತಂದ. "ಹೊಲ ವಾಪಸ್ ಬೇಕೇನ್ರಿ ಅಜ್ಜಾರ?" ಎಂದು ನಕ್ಕ. ಬೇಡಪ್ಪಾ ಎಂದೆ. ಬೇವಿನ ಬೊಡ್ಡೆಯಷ್ಟೇ ಉಳಿದಿತ್ತು. ಆಯಿಯ ಹೆಜ್ಜೆ ಗಿಡ್ಡ, ಹೇಗೆ ಅಳೆಯಲಿ ಎಂದು ಚಿಂತಿಸಿದ್ದೆ. ನಡೆದು ನೋಡಿದರೆ ನನ್ನ ಹೆಜ್ಜೆಯೂ ಈಗ ಅಷ್ಟೇ ಆಗಿದೆ. ಅವನು ಅಗೆಯತೊಡಗಿದಾಗ, ಸುಟ್ಟ ಬೇರೂ ಇದ್ದಿಲಾಗಿರಬಹುದಲ್ಲ ಎಂಬ ವಾದವನ್ನು ಸಿದ್ಧಮಾಡಿಕೊಂಡೇ ನಿಂತೆ.

ಇಸ್ತ್ರಿಯವನು ಊದುತ್ತಿದ್ದಾನೆ. ಸೀರೆ ಹಸಿರೋ ಕೆಂಪೋ, ನನಗಿನ್ನೂ ತಿಳಿಯದು. ಆದರೆ ಏಳನೆಯ ಹೆಜ್ಜೆಯಲ್ಲಿ, ಮೊಳದಾಳದ ಕಪ್ಪು ಮಣ್ಣಿನಲ್ಲಿ, ಗಡಿಗೆಯ ಕೆಂಪು ಕಂಠವಿತ್ತು. ಅದರ ತುಂಬ ಇದ್ದಿಲಿತ್ತು.