ನಮ್ಮ ಮನೆತನದ ಗ್ಯಾಸ್ ಟ್ರಬಲ್

"ಹ್ಞಕ್, ಹ್ಞಕ್." ಸುಳ್ಳು ಹೇಳುವ ಮುಂಚೆ ಭಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದು ಅದು. ಅಕ್ಕ-ಭಾವನ ಮುಲುಂಡಿನ ಫ್ಲ್ಯಾಟಿನಲ್ಲಿ ಲೋಕಲ್ ರೈಲುಗಳ ಗಡಗಡವನ್ನೂ ಮೀರಿ ಕೇಳಿಸುತ್ತಿತ್ತು.

ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ಹೌಸಿಂಗ್ ಸೊಸೈಟಿಯ ನೆರೆಯವರ ಪಾಲಿಗೆ ಮಾತ್ರ ಗ್ಯಾಸ್ ಟ್ರಬಲ್. ಕೀಮೋದಲ್ಲಿ ಕೂದಲು ಉದುರಿದಾಗ ಭಾವ, "ಹ್ಞಕ್, ತಿರುಪತಿಗೆ ಹೋಗಿದ್ವಿ" ಅಂದರು. ವಾಟ್ ಅ ಬ್ರೇನ್! ಗ್ಯಾಸಿಗೆ ಮುಡಿ ಕೊಟ್ಟವಳು ಪ್ರಪಂಚದಲ್ಲಿ ನಮ್ಮಕ್ಕ ಒಬ್ಬಳೇ ಇರಬೇಕು.

ರೋಗ ಮತ್ತೆ ಬಂತು. ಡಾಕ್ಟರ್, ಚುರುಕಾದ ಮರಾಠಿ ಹುಡುಗಿ, ಹಿಂದಿಯಲ್ಲಿ ಸಮಾಧಾನವಾಗಿ ವಿವರಿಸಿದಳು: "ಆಂಟಿ, ಕೀಮೋ ಕೋಶದೊಳಗಿನ ಡಿಎನ್‌ಎ ಮುರಿಯುತ್ತೆ, ಹಳಿ ಮುರಿದ ಹಾಗೆ. ತಕ್ಷಣ ಒಳಗೆ ರೆಡ್ ಸಿಗ್ನಲ್ ಬೀಳುತ್ತೆ. ಗಾಡಿ ನಿಲ್ಲುತ್ತೆ, ಗ್ಯಾಂಗ್‌ಮನ್‌ಗಳು ಬಂದು ರಿಪೇರಿ ಮಾಡ್ತಾರೆ. ಕ್ಯಾನ್ಸರ್ ಬದುಕಿಕೊಳ್ಳೋದು ಹೀಗೆ." ಕೆಲವು ಮನೆತನಗಳಲ್ಲಿ ಒಂದು ರಿಪೇರಿ ಗ್ಯಾಂಗ್ ಹುಟ್ಟಿನಿಂದಲೇ ಕೆಟ್ಟಿರುತ್ತದಂತೆ. ಅಂಥವರಿಗೆ ಇನ್ನೊಂದು ಗ್ಯಾಂಗನ್ನು ತಡೆಯುವ ಮಾತ್ರೆಯಿದೆಯಂತೆ. ಆಗ ರಿಪೇರಿಯಾಗದೆ ಕ್ಯಾನ್ಸರ್ ಕೋಶ ಸಾಯಲೇಬೇಕು. "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಹ್ಞಕ್. ನಹೀ ನಹೀ, ಹಮಾರಾ ಫ್ಯಾಮಿಲಿ ಏಕ್‌ದಮ್ ಕ್ಲೀನ್."

ಕ್ಲೀನಂತೆ! ನಮ್ಮಮ್ಮ ಹೋದದ್ದು ಇದರಲ್ಲೇ. ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲವೆಂದು ಮೈಸೂರಿನ ನಂಟರೆಲ್ಲ ಸೇರಿ ಅದಕ್ಕೆ ಹೊಟ್ಟೆಹುಣ್ಣು ಎಂದು ನಾಮಕರಣ ಮಾಡಿದ್ದರು. ನಾನು ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಅಮ್ಮನ ಕ್ಯಾನ್ಸರನ್ನೂ ಅವಳ ತಂಗಿಯದನ್ನೂ ಹೇಳಿಬಿಟ್ಟೆ.

ಕಾರಿಡಾರಿನಲ್ಲಿ ಭಾವ ಹಲ್ಲು ಕಡಿದರು. "ಮೊಮ್ಮಗಳಿಗೆ ಮಲಾಡಿನ ಸಂಬಂಧ ಕೂಡಿಬರ್ತಿದೆ. ನಿನಗೇನಮ್ಮ, ಮಕ್ಕಳೇ ಮರಿಯೇ?"

ಅಕ್ಕನಿಗೆ ಜೀನ್ ಟೆಸ್ಟ್ ಆಯಿತು. ಅನುಮಾನ ನಿಜವಾಗಿತ್ತು: ನಮ್ಮ ಮನೆತನದ ಗ್ಯಾಂಗೂ ಹುಟ್ಟಿನಿಂದಲೇ ಕೆಟ್ಟಿತ್ತು. ಮತ್ತೆ ಕೀಮೋ, ಆಮೇಲೆ ಆ ಮಾತ್ರೆ. ಅಕ್ಕ ಚೇತರಿಸಿಕೊಂಡಳು; ವಡಾಲದ ನನ್ನ ಮನೆಗೆ ಬಂದು ನನ್ನ ಉಪ್ಪಿಟ್ಟಿನಲ್ಲಿ ಕೊಂಕು ತೆಗೆಯುವಷ್ಟು. ವರ್ಷ ಕಳೆಯುವಷ್ಟರಲ್ಲಿ ಆ ಹಾಳು ಕೋಶಗಳು ಕೆಟ್ಟಿದ್ದ ಗ್ಯಾಂಗನ್ನೇ ಸರಿಪಡಿಸಿಕೊಂಡವು; ಮಾತ್ರೆ ನಾಟುವುದು ನಿಂತಿತು. ತಪ್ಪು ತಿದ್ದಿಕೊಳ್ಳುವುದರಲ್ಲಿ ನಮ್ಮ ನಂಟರಿಗಿಂತ ಅವೇ ಮೇಲು.

ಅಕ್ಕನನ್ನು ಕೊನೆಯ ಸಲ ನೋಡಿದ್ದು, ಮಲಾಡಿನವರು ಅಂತೂ ಇಂತೂ ಹುಡುಗಿ ನೋಡಲು ಬಂದ ಭಾನುವಾರ. ತಲೆಗೆ ಸಿಲ್ಕ್ ಸ್ಕಾರ್ಫ್ ಸುತ್ತಿ, ದಿಂಬಿಗೆ ಒರಗಿ ಕೂತಿದ್ದಳು.

"ಅಜ್ಜಿಗೆ ಹುಷಾರಿಲ್ವಾ?" ಹುಡುಗನ ತಾಯಿ ಕೇಳಿದರು.

"ಹ್ಞಕ್," ಅಂದರು ಭಾವ.

"ಕ್ಯಾನ್ಸರ್ ಕಣಮ್ಮ," ಅಕ್ಕ ಮುಂದಾದಳು. "ನಮ್ಮಮ್ಮನಿಗೂ ಇತ್ತು. ಈ ಹುಡುಗೀನೂ ಟೆಸ್ಟ್ ಮಾಡಿಸ್ಕೋಬೇಕು. ಬೋಂಡ ತಗೊಳ್ಳಿ, ಆರಿಹೋಗತ್ತೆ."

ಯಾರೂ ಕೈ ಹಾಕಲಿಲ್ಲ. ಮೊಮ್ಮಗಳು ಮಾತ್ರ ಜರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲ್ ಹಿಡಿದು ಅಜ್ಜಿಯ ಪಕ್ಕ ಬಂದು ಕೂತಳು. "ಕೌನ್‌ಸಾ ಟೆಸ್ಟ್, ಅಜ್ಜಿ? ಹೆಸರು ಹೇಳು."

ನಾನು ಒಂದು ಬೋಂಡ ತೆಗೆದುಕೊಂಡೆ. ಅಕ್ಕ ನನ್ನತ್ತ ಕಣ್ಣು ಮಿಟುಕಿಸಿದಳು, ಕಾನ್ವೆಂಟಿನ ಪ್ರೇಯರಿನ ನಡುವೆ ಮಿಟುಕಿಸುತ್ತಿದ್ದಳಲ್ಲ, ಹಾಗೆಯೇ.