ಚಂದ್ರಿ ಇದ್ದ ಸಾಲು

ಆ ಹಾಡು ನನ್ನದಲ್ಲ. ಮದುವೆ ಮನೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ ಈಗ ಎಲ್ಲರೂ ಹಾಡುತ್ತೀರಲ್ಲ, ನನ್ನ ಚಾನೆಲ್ ನೋಡಿ ಕಲಿತದ್ದು — ಅದನ್ನು ಕಟ್ಟಿದವಳು ಹಿರೀಸಾವೆಯ ಜಯಂತಿ. ನಾನು ಕದ್ದೆ. ಕದ್ದದ್ದಷ್ಟೇ ಆಗಿದ್ದರೆ — ಇಲ್ಲ, ಅದನ್ನೂ ಸಣ್ಣದು ಮಾಡಬಾರದು. ಕದ್ದೆ, ಕದ್ದು ಅದರೊಳಗಿದ್ದ ಒಂದು ಹೆಸರನ್ನು ಕಿತ್ತುಹಾಕಿದೆ. ಆ ಹೆಸರು ಅವಳ ಮಗಳದು.

ನಾನು ಹಾಸನದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಎಳವೆಯಲ್ಲೇ ಸಂಗೀತ ಕಲಿತು, ಕಂಠ ಚೆನ್ನಾಗಿದೆ ಎಂದು ಎಲ್ಲರ ಬಾಯಲ್ಲೂ ಹೇಳಿಸಿಕೊಂಡು ಬೆಳೆದವಳು. ಕಂಠವೇನೋ ಇತ್ತು, ನನ್ನದು ಅಂತ ಹಾಡಲು ಒಂದು ಸಾಲೂ ಇರಲಿಲ್ಲ. ಜಯಂತಿ ಅರಕಲಗೂಡಿನವಳು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ, ಆದರೆ ಬಟ್ಟೆ ಒಗೆಯುತ್ತ ಒಗೆಯುತ್ತ ಹಾಡು ಕಟ್ಟಿಬಿಡುತ್ತಿದ್ದವಳು ಅವಳು. ಆಗಲೇ ನನಗೆ ಹೊಟ್ಟೆಯುರಿ ಇತ್ತು.

ಮದುವೆಯಾಗಿ ಅವಳು ಹಿರೀಸಾವೆ ಸೇರಿದಳು. ಮಗಳು ಚಂದ್ರಿ ಇನ್ನೂ ಶಾಲೆಗೆ ಸೇರುವ ಮೊದಲೇ ಜ್ವರದಲ್ಲಿ ಹೋಗಿಬಿಟ್ಟಳು. ಆಮೇಲೆ ಜಯಂತಿ ಮದುವೆಯ ಹಾಡುಗಳನ್ನೇ ಕಟ್ಟತೊಡಗಿದಳು. ಫೋನಿನ ಮುಂದೆ ಕೂತು ಹಾಡಿ ಆನ್‌ಲೈನಿನಲ್ಲಿ ಹಾಕುತ್ತಿದ್ದಳು. ಕೀರ್ತನೆಗಳ ಕೊನೆಯಲ್ಲಿ ದೇವರ ಹೆಸರಿನ ಅಂಕಿತ ಬರುತ್ತದಲ್ಲ, ಹಾಗೆ ಅವಳ ಪ್ರತಿ ಹಾಡಿನ ಕೊನೆಗೂ ಚಂದ್ರಿ ಬರುತ್ತಿದ್ದಳು.

ಒಂದು ದಿನ ನನ್ನನ್ನು ಹುಡುಕಿಕೊಂಡು ಹಾಸನಕ್ಕೆ ಬಂದಳು. ಚನ್ನರಾಯಪಟ್ಟಣದ ಕಡೆಯ ವಾದ್ಯದವರು ಯಾರೋ ಅವಳ ಹಾಡೊಂದನ್ನು ತಮ್ಮದೆಂದು ಹಾಕಿಕೊಂಡಿದ್ದರು.

"ಯಾರ್ ಬೇಕಾರೂ ಹಾಡ್ಕಳ್ಳಿ ಕಣೇ, ನನ್ ಹೆಸ್ರು ಬ್ಯಾಡ. ಆದ್ರೆ ಕೊನೇಲಿ ಚಂದ್ರೀನೇ ತೆಗ್ದ್‌ಬುಟ್ಟವ್ರೆ. ಯಾರ್ ಮನೆ ಮದ್ವೆ ಆದ್ರೂ ಅವ್ಳ್ ಹೆಸ್ರು ಒಂದ್ಸಲ ಕೂಗ್ದಂಗಾಗ್ಲಿ ಅಂತ್ಲೇ ನಾನ್ ಕಟ್ಟೋದು. ಏನಾರ ದಾರಿ ಮಾಡ್ಕೊಡೇ."

ಇದನ್ನು ಗಮನಿಸಿ ಓದಿ. ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ನಾನು ಕ್ಲಾಸಿನಲ್ಲಿ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ. ವಿಡಿಯೋದ ಮೇಲೆ ಅಡ್ಡಲಾಗಿ ಹೆಸರು ಬರೆಯಬೇಕು. ಮೊದಲು ಹಾಕಿದವರ ಮಾತನ್ನೇ ನಂಬುತ್ತಾರೆ. ಯಾರಾದರೂ ನಕಲು ಮಾಡಿದರೆ ಇಲ್ಲಿ ಒತ್ತಿ ದೂರು ಕೊಟ್ಟರಾಯಿತು, ಅವರದನ್ನು ತೆಗೆಸುತ್ತಾರೆ. ಹೊಸ ಹಾಡನ್ನು ಮೊದಲು ನನಗೇ ಕಳಿಸು, ಹೆಸರು ಹಾಕಿ ವಾಪಸು ಕಳಿಸುತ್ತೇನೆ, ಆಮೇಲೆ ನೀನು ಹಾಕುವೆಯಂತೆ — ಎಂದೆ. "ನೀನಿದ್ಯಲ್ಲ, ಇನ್ನೇನ್ ಬುಡು" ಅಂದು, ಕಾಫಿ ಕುಡಿದು, ಸಂಜೆ ಬಸ್ಸಿಗೆ ಹೊರಟಳು.

ಅವಳು ಕಳಿಸಿದ ಮೊದಲ ಹಾಡೇ ಇದು.

ಹಣೆಗೆ ಬೊಟ್ಟಿಟ್ಕೊಂಡು ಹಸೆಗೆ ಬಾರವ್ವ,
ಬಾಗ್ಲಾಗೆ ನಮ್ಮ ಚಂದ್ರಿ ಕಾದವ್ಳೆ.

ಸ್ಟಾಫ್ ರೂಮಿನಲ್ಲಿ ಕೂತು ಕೇಳಿದೆ. ಕಣ್ಣು ತುಂಬಿತು — ನಿಜವಾಗಿಯೂ ತುಂಬಿತು. ಕಣ್ಣೊರೆಸಿಕೊಂಡ ಮೇಲೆ ಮನಸ್ಸಿಗೆ ಬಂದದ್ದೇನು ಗೊತ್ತೇ? ಇಂಥ ಹಾಡಿನ ಹಿಂದೆ ಕೋಳಿ ಕೂಗುತ್ತಿದೆ, ಅವಳ ದನಿಯೋ ಸೀಳುತ್ತಿದೆ, ನಾನು ಹಾಡಿದ್ದರೆ — ಎಂದು. ಮನೆಗೆ ಹೋಗಿ ಸುಮ್ಮನೆ ಹಾಡಿ ನೋಡಿದೆ. ಸುಮ್ಮನೆ ಎನ್ನುವುದೂ ಸುಳ್ಳು. ತಂಬೂರಿ ಶ್ರುತಿ ಹಾಕಿಕೊಂಡಿದ್ದೆ, ರೇಷ್ಮೆ ಸೀರೆ ಉಟ್ಟಿದ್ದೆ.

ಚಂದ್ರಿ ಯಾರು ಎಂದು ಜನ ಕೇಳಿಯಾರು ಅನ್ನಿಸಿತು. ಛಂದಸ್ಸು ಕಲಿಸುವವಳಲ್ಲವೇ ನಾನು, ತಿದ್ದುವುದು ಏನು ಕಷ್ಟ. ಚಂದ್ರಿ — ಒಂದು ಗುರು, ಒಂದು ಲಘು. ದೇವರ ಹೆಸರು ರಂಗ — ಅದೂ ಒಂದು ಗುರು, ಒಂದು ಲಘು. ಸರಿಯಾಗಿ ಕೂತಿತು. ಕಾದವ್ಳೆ ಎಂಬುದನ್ನು ಕಾದವ್ನೆ ಮಾಡಿದೆ. ಆ ಮಗು ಹಾಡಿನಲ್ಲಿ ಇತ್ತು ಎನ್ನುವ ಗುರುತೇ ಉಳಿಯಲಿಲ್ಲ. ಕೆಳಗೆ 'ರಚನೆ, ಗಾಯನ' ಎಂದು ಬರೆದು ನನ್ನ ಹೆಸರು ಹಾಕಿ, ನನ್ನ ಚಾನೆಲ್‌ಗೆ ಏರಿಸಿದೆ.

ಪೇಪರ್ ತಿದ್ದುವ ಕೆಲಸ ಇದೆ, ಸ್ವಲ್ಪ ತಡೆ ಎಂದು ಜಯಂತಿಗೆ ಹೇಳುತ್ತಾ ಹೋದೆ. ಪಾಪ, ತಡೆದಳು. ಅಷ್ಟರಲ್ಲಿ ಹಾಡು ಊರೂರು ಸುತ್ತಿತ್ತು; ಹಾಸನದ ಹತ್ತಿರ ಮೊಸಳೆ ಎಂಬ ಊರಿದೆಯಲ್ಲ, ಅಲ್ಲಿಯ ಜೋಡಿ ಗುಡಿಯ ಮುಂದೆ ಮದುಮಕ್ಕಳನ್ನು ನಿಲ್ಲಿಸಿ ಅದಕ್ಕೆ ರೀಲ್ಸ್ ಮಾಡಿಸುತ್ತಿದ್ದರು. ಅವಳು ಅದನ್ನು ನೋಡಿದಳು. ನನ್ನನ್ನು ಒಂದು ಮಾತೂ ಕೇಳದೆ ತನ್ನ ಹಾಡನ್ನು ತಾನೇ ಹಾಕಿದಳು. ಜನ ಅವಳನ್ನು ಹುರಿದು ಮುಕ್ಕಿದರು — ಮೇಡಂ ಹಾಡು ಕದಿಯಲು ನಾಚಿಕೆಯಾಗಲ್ಲವಾ, ದೇವರ ಹೆಸರು ತೆಗೆದು ಯಾವುದೋ ಹುಡುಗಿ ಹೆಸರು ಹಾಕ್ತೀಯಾ ಎಂದೆಲ್ಲ. ಅವಳ ಫೋನಿನಲ್ಲಿ, ನನಗೆ ಮೊದಲೇ ಕಳಿಸಿದ್ದ ವಿಡಿಯೋ ಇತ್ತು. ತೋರಿಸಬಹುದಿತ್ತು. ತೋರಿಸಲಿಲ್ಲ.

ಆಗಲಾದರೂ ನಾನು — ಇಲ್ಲ. ಹೆದರಿಕೆಗೆ ನಾನು ಮಾಡಿದ್ದು ಬೇರೆಯೇ. ಅವಳಿಗೆ ಕಲಿಸಿದ್ದ ಅದೇ ಜಾಗದಲ್ಲಿ ಒತ್ತಿ ಅವಳ ಮೇಲೇ ದೂರು ಕೊಟ್ಟೆ. ಇದು ನಿಮ್ಮ ಸ್ವಂತ ಕೃತಿಯೇ ಎಂದು ಪರದೆ ಕೇಳಿತು. ಹೌದು ಎಂದೆ. ಅವಳದನ್ನು ತೆಗೆದುಹಾಕಿದರು.

ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ರಂಗನ್ ಹೆಸ್ರು ಎಲ್ಲಾ ಕಡೆ ಐತೆ ಕಣೇ. ಅವ್ಳಿಗಿದ್ದಿದ್ದು ಅದೊಂದೇ ಜಾಗ."

ನಾನೇನು ಹೇಳಿದೆ ಗೊತ್ತೇ? "ಮದುವೆ ಹಾಡು ಅಂದರೆ ಜಾನಪದ ಜಯಾ, ಯಾರ ಸ್ವತ್ತೂ ಅಲ್ಲ" ಎಂದೆ. ಮೇಷ್ಟ್ರ ದನಿಯಲ್ಲಿ. ಅವಳು ಫೋನ್ ಇಟ್ಟಳು. ಉಳಿದ ಹಾಡುಗಳನ್ನೂ ಒಂದೊಂದಾಗಿ ಅಳಿಸಿಬಿಟ್ಟಳು. ಮತ್ತೆ ಹಾಡು ಕಟ್ಟಿಲ್ಲ ಎಂದು ಅವಳ ಗಂಡ ಹೇಳಿದ.

ಇದಾಗಿ ವರ್ಷಗಳೇ ಕಳೆದವು. ನನಗೆ ಶಾಲು, ಹಾರ ಎಲ್ಲ ಬಂದವು, ತಗೊಂಡೆ. ಕಳೆದ ವೈಶಾಖದಲ್ಲಿ ಚನ್ನರಾಯಪಟ್ಟಣದಲ್ಲಿ ಒಂದು ಮದುವೆ. ಹೆಣ್ಣನ್ನು ಹಸೆಗೆ ಕರೆಯುವಾಗ ಹೆಂಗಸರು ಅದೇ ಹಾಡು ಎತ್ತಿಕೊಂಡರು. ಮೇಡಂ ನೀವೂ ಬನ್ನಿ ಎಂದು ನನ್ನನ್ನೂ ಎಳೆದರು. ಹೋಗಿ ನೋಡಿದರೆ ಹೆಣ್ಣಿನ ಪಕ್ಕದಲ್ಲಿ ಜಯಂತಿ. ಹುಡುಗಿಯ ಜಡೆಗೆ ಹೂವು ಸಿಕ್ಕಿಸುತ್ತಾ ಅವಳೂ ಹಾಡುತ್ತಿದ್ದಳು. ಚಂದ್ರಿ ಬದುಕಿದ್ದರೆ ಆ ಹುಡುಗಿಯ ವಯಸ್ಸೇ. ಕೊನೆಯ ಸಾಲು ಬರುತ್ತಿದ್ದಂತೆ ನಾನು ಅವಳ ಬಾಯನ್ನೇ ನೋಡುತ್ತಾ ನಿಂತೆ. ಈಗ ಹೇಳುತ್ತಾಳೆ, ಈಗಲಾದರೂ —

ಅವಳೂ 'ರಂಗ' ಎಂದೇ ಹಾಡಿದಳು.

ನನ್ನನ್ನು ನೋಡಿಕೊಂಡು ಹಾಡಲಿಲ್ಲ. ಎಲ್ಲರ ಜೊತೆ ಹಾಗೇ ಬಂದುಬಿಟ್ಟಿತು ಅಷ್ಟೆ. ನಾನು ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ; ಅದರಿಂದ ಯಾರಿಗೇನು.

ನನ್ನ ವಿಡಿಯೋವನ್ನು ಅಳಿಸಿದ್ದೇನೆ. ಅಷ್ಟರಲ್ಲಿ ಎಷ್ಟೋ ಜನ ನಕಲು ಮಾಡಿಕೊಂಡಿದ್ದಾರೆ, ತೆಗೆಸೋಣವೆಂದರೆ ಅದು ನನ್ನದಲ್ಲವಲ್ಲ. ಇವತ್ತು ಜಯಂತಿ ಕಟ್ಟಿದ ಹಾಗೆಯೇ ಹಾಡಿ, ಅವಳ ಹೆಸರು ಬರೆದು, ಈ ಎಲ್ಲವನ್ನೂ ಅದರ ಕೆಳಗೆ ಹಾಕಿದ್ದೇನೆ. ಅವಳಿಗೂ ಕಳಿಸಿದೆ. ನೋಡಿದ್ದಾಳೆ, ಏನೂ ಬರೆದಿಲ್ಲ. ಬರೆಯಬೇಕೆಂದು ನಾನು ಕೇಳುವಂತಿಲ್ಲ.

ಉಳಿದವರು ಬರೆಯುತ್ತಿದ್ದಾರೆ. ಇಷ್ಟುದ್ದ ಯಾರು ಓದುತ್ತಾರೆ. ಹಾಡು ಕೇಳಿ ಬರೆಯುತ್ತಾರೆ. ಕೊನೆಯ ಸಾಲು ತಪ್ಪಾಗಿದೆ ಮೇಡಂ, ಅಲ್ಲಿ ರಂಗ ಬರಬೇಕು, ಸರಿ ಮಾಡಿ ಎಂದು. ನಾನು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದೇನೆ — ರಂಗ ಅಲ್ಲ, ಚಂದ್ರಿ.